ದಡ ಕೊಟ್ಟವಳು

ಫಂಗಮೋನು ಊರಿನಲ್ಲಿ ಸೆಲುವಾಯಾಳ ಬಾಯಿಗೆ ಹೆದರದೆ ಇದ್ದವಳು ಒಬ್ಬಳೇ, ಅವಳ ಗೆಳತಿ ಮೆಲೆನೈಟೆ. ಉಳಿದವರೆಲ್ಲ, ಪಾದ್ರಿಗಳನ್ನೂ ಸೇರಿಸಿ, ಅವಳ ಮುಂದೆ ಮಾತನ್ನು ಅಳೆದು ತೂಗಿ ಆಡುತ್ತಿದ್ದರು. ಅರವತ್ತೆರಡು ವರ್ಷದ ಗಟ್ಟಿ ಹೆಂಗಸು. ಉಪ್ಪುನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳೆಲ್ಲ ಬಿರುಕು ಬಿಟ್ಟಿದ್ದವು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಬಿಡುವಾಗಲಿಲ್ಲ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ.

ಅವಳ ಕಸುಬು ಚಾಪೆ. ನಮ್ಮ ಟೋಂಗಾ ದ್ವೀಪಗಳಲ್ಲಿ ಸೊಂಟಕ್ಕೆ ಚಾಪೆ ಸುತ್ತಿಕೊಳ್ಳದೆ ಚರ್ಚಿಗೂ ಹೋಗುವಂತಿಲ್ಲ, ಕಚೇರಿಗೂ ಹೋಗುವಂತಿಲ್ಲ, ಹೆಣ ನೋಡಲೂ ಹೋಗುವಂತಿಲ್ಲ. ಚಾಪೆಯಲ್ಲೂ ತರತಮ ಉಂಟು. ಮದುವೆಗೆ ಉಡುವ ತೆಳ್ಳನೆಯ ಬಿಳಿ ಚಾಪೆ ಎಂದರೆ ಸೆಲುವಾಯಾಳ ಕೈಯದೇ ಆಗಬೇಕು ಎಂದು ಆಕ್ಲೆಂಡಿನಲ್ಲಿರುವ ನಮ್ಮ ಜನ ಒಂದು ವರ್ಷ ಮುಂಚೆಯೇ ಹೇಳಿ ಕಳಿಸುತ್ತಿದ್ದರು. ಕೇದಗೆಯ ಗರಿ ಕುಯ್ದು, ಬೇಯಿಸಿ, ಮೇಲಿನ ಸಿಪ್ಪೆ ಸುಲಿದು, ಕಂತೆ ಕಟ್ಟಿ ಸಮುದ್ರದ ನೀರಿನಲ್ಲಿ ಹತ್ತು ಹನ್ನೆರಡು ದಿನ ನೆನೆಹಾಕಬೇಕು. ಆಮೇಲೆ ಬಿಸಿಲಿಗೆ. ನೀರು ಕದಡಿದ್ದರೆ ಗರಿಗೆ ಕಲೆ ಬೀಳುತ್ತದೆ, ಅಲೆ ಜೋರಾದರೆ ಕಂತೆ ಹರಿದುಹೋಗುತ್ತದೆ. ಫಂಗಮೋನು ದಡದ ಮುಂದೆ ಹವಳದ ದಿಬ್ಬ ಅಡ್ಡ ನಿಂತಿದೆ. ಅಲೆ ಅದರಾಚೆಗೇ ಸಾಯುತ್ತದೆ. ಈಚೆಗೆ ಮೊಣಕಾಲುದ್ದದ ತಿಳಿನೀರು, ತಳದಲ್ಲಿ ಬಿಳಿ ಮರಳು. ಅಲ್ಲಿ ನೆನೆದ ಗರಿ ಬಲಿತ ತೆಂಗಿನ ತಿರುಳಿನ ಬಣ್ಣಕ್ಕೆ ಬರುತ್ತಿತ್ತು. ಅಂಥ ದಡ ಇಡೀ ದ್ವೀಪದಲ್ಲಿ ಇನ್ನೊಂದಿರಲಿಲ್ಲ. ಊರಿನ ಹನ್ನೊಂದು ಹೆಂಗಸರ ಅನ್ನ ಆ ನೀರಿನಲ್ಲಿತ್ತು.

ಹಾಗೆಂದು ದಡ ಹೆಂಗಸರದಲ್ಲ. ನಮ್ಮಲ್ಲಿ ನೆಲ ಹೆಂಗಸರ ಹೆಸರಿಗೆ ಬರುವುದಿಲ್ಲ. ಆದರೆ ನೆಲ ಯಾರ ಹೆಸರಿಗೆ ಬರುತ್ತದೋ ಆ ಗಂಡಸರು ಅಕ್ಕತಂಗಿಯರ ಮಾತು ಮೀರುವಂತಿಲ್ಲ, ಅವರ ಮಕ್ಕಳಂತೂ ಸೋದರತ್ತೆಯ ಎದುರು ಉಸಿರೆತ್ತುವಂತಿಲ್ಲ. ಅತ್ತೆ ನಿಂತಿದ್ದರೆ ಕುರ್ಚಿಯಲ್ಲಿ ಕೂರಬಾರದು, ಅತ್ತೆ ಉಂಡ ತಟ್ಟೆಗೆ ಕೈ ಹಾಕಬಾರದು, ಅತ್ತೆ ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಪ್ರಧಾನಿಯಾದರೂ ಅಷ್ಟೇ, ಮೀನು ಹಿಡಿಯುವವನಾದರೂ ಅಷ್ಟೇ.

ಸೆಲುವಾಯಾಳನ್ನು ಹಾಗೆ ಅತ್ತೆ ಎಂದು ಕರೆಯುವವನು ಒಬ್ಬನೇ, ತಮ್ಮ ಸೆಮಿಸಿಯ ಮಗ ಕೆಲೆಪಿ. ಸೆಮಿಸಿ ದೋಣಿ ಮಗುಚಿ ಸತ್ತಾಗ ಹುಡುಗನಿಗೆ ಆರು ವರ್ಷ. ತಾಯಿ ಇನ್ನೊಂದು ಮದುವೆಯಾಗಿ ಆಕ್ಲೆಂಡಿಗೆ ಹೋದಳು. ಅವನನ್ನು ಎತ್ತಿ ಆಡಿಸಿದ್ದು, ಬೈದು ಚರ್ಚಿಗೆ ಕಳಿಸಿದ್ದು, ಜ್ವರ ಬಂದಾಗ ಮಗ್ಗುಲಲ್ಲಿ ಕೂತಿದ್ದು ಎಲ್ಲ ಇವಳೇ. ಒಂದು ಚಾಪೆ ಮಾರಿದರೆ ಅವನ ಒಂದು ವರ್ಷದ ಶಾಲೆಯ ಫೀಸು. ಹುಡುಗ ಚುರುಕು. ಒಂದು ದೊಡ್ಡ ದೇಶದವರು ನಮ್ಮ ಕಡೆಯ ಮಕ್ಕಳನ್ನು ತಮ್ಮ ಖರ್ಚಿನಲ್ಲಿ ಓದಿಸುತ್ತೇವೆಂದಾಗ ಕೆಲೆಪಿ ಆಯ್ಕೆಯಾದ. ನಾಲ್ಕು ವರ್ಷ ಅಲ್ಲಿದ್ದು, ಅವರ ಭಾಷೆ ಕಲಿತು, ಕನ್ನಡಕ ಹಾಕಿಕೊಂಡು ಬಂದ. ರಾಜಧಾನಿ ನುಕುಅಲೋಫಾದಲ್ಲಿ ಸರ್ಕಾರದ ಕೆಲಸ ಸಿಕ್ಕಿತು. ಹೊರದೇಶದ ಸಾಲದ ವ್ಯವಹಾರ ನೋಡಿಕೊಳ್ಳುವ ಕೆಲಸ.

ಆ ಸಾಲವೂ ಆ ದೊಡ್ಡ ದೇಶದ್ದೇ. ಹೆಸರು ಎತ್ತುವುದು ಬೇಡ, ಸಾಲ ಕೊಟ್ಟವರ ಹೆಸರು ಎತ್ತಿದರೆ ಬಡ್ಡಿ ಏರುತ್ತದೆ ಎಂದು ಮೆಲೆನೈಟೆ ಹೇಳುತ್ತಿದ್ದಳು. ಹದಿನೈದು ವರ್ಷದ ಹಿಂದೆ ಚಂಡಮಾರುತ ಬಂದು ರಸ್ತೆ, ಸೇತುವೆ, ಕಚೇರಿ ಎಲ್ಲ ಕಿತ್ತುಕೊಂಡು ಹೋದಾಗ ಅವರು ಕೊಟ್ಟರು, ನಮ್ಮವರು ತೆಗೆದುಕೊಂಡರು. ಮೊದಲ ವರ್ಷಗಳಲ್ಲಿ ಕಂತು ಸಣ್ಣದಿತ್ತು. ಈಗ ಅಸಲೂ ಸೇರಿ ಕಂತು ಬೆಟ್ಟದಷ್ಟಾಗಿತ್ತು. ಹಳೆಯ ಸಾಲವನ್ನು ಹೊಸ ಸಾಲವಾಗಿ ಬರೆಸಿ, ಐದು ವರ್ಷ ಗಡುವು ಕೇಳಬೇಕೆಂದು ಸರ್ಕಾರ ಎರಡು ವರ್ಷದಿಂದ ಮಾತುಕತೆ ನಡೆಸಿತ್ತು. ಕೆಲೆಪಿ ಆ ಮಾತುಕತೆಗೆಂದು ಮೂರು ಸಲ ವಿಮಾನ ಹತ್ತಿದ್ದ. ಇಡೀ ಕಚೇರಿಯಲ್ಲಿ ಆ ಭಾಷೆ ಬರುತ್ತಿದ್ದುದು ಅವನೊಬ್ಬನಿಗೇ. ಪ್ರತಿ ಸಲ ಬರುವಾಗ ಅತ್ತೆಗೆ ತಗಡಿನ ಡಬ್ಬಿಯಲ್ಲಿ ಬಿಸ್ಕತ್ತು ತರುತ್ತಿದ್ದ. ಅವಳು ಬಿಸ್ಕತ್ತನ್ನು ಊರಿಗೆಲ್ಲ ಹಂಚಿ, ಯಾರು ತಂದದ್ದು ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಕೆಲೆಪಿಯ ಕಾರು ಬಂದು ಮನೆ ಮುಂದೆ ನಿಂತಿತು. ಸೆಲುವಾಯಾ ಮರುದಿನದ ಭಾನುವಾರದ ಅಡುಗೆಗೆ ಕೆಸುವಿನ ಎಲೆ ತೊಳೆಯುತ್ತಿದ್ದಳು. ಕೆಲೆಪಿ ಕಟ್ಟೆಯ ಕೆಳಗೆ, ನೆಲದ ಮೇಲೆ ಕೂತ. ಪ್ಯಾಂಟಿಗೆ ಮಣ್ಣಾಗುತ್ತದೆಂದು ನೋಡಲಿಲ್ಲ. ಅದನ್ನು ಕಂಡು ಅವಳ ಹೊಟ್ಟೆ ತಣ್ಣಗಾಯಿತು.

"ಏನೋ, ಸೊರಗಿದ್ದೀಯ? ಅವರೂರಲ್ಲಿ ಊಟ ಹಾಕಲ್ವಾ?"

"ಊಟ ಹಾಕ್ತಾರೆ ಅತ್ತೆ. ನುಂಗೋಕಾಗಲ್ಲ. ಸೋಮವಾರ ಅವರೇ ಇಲ್ಲಿಗೆ ಬರ್ತಾ ಇದ್ದಾರೆ. ಕೊನೇ ಸುತ್ತಿನ ಮಾತುಕತೆ."

"ಬರಲಿ. ಹಂದಿ ಸುಟ್ಟು ಹಾಕಿ. ಹೊಟ್ಟೆ ತುಂಬಿದೋರು ಹೌದು ಅಂತಾರೆ."

ಕೆಲೆಪಿ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. "ಹೋದ ಕಂತು ನಾವು ಕಟ್ಟಲಿಲ್ಲ. ಕಟ್ಟೋಕಾಗಲಿಲ್ಲ. ಗಡುವು ಬೇಕು ಅಂದ್ರೆ ಏನಾದ್ರೂ ಅಡ ಇಡಿ ಅಂತಾರೆ. ಅವರ ಹಡಗು ನಿಲ್ಲೋಕೆ ಒಂದು ಕಟ್ಟೆ ಕಟ್ಟಬೇಕಂತೆ. ನಾಲ್ಕು ಜಾಗ ಬರಕೊಂಡಿದ್ದಾರೆ. ಅದರಲ್ಲಿ ಮೊದಲನೇದು..." ಎಂದು ಸಮುದ್ರದ ಕಡೆ ನೋಡಿದ.

ಸೆಲುವಾಯಾಳ ಕೈಯಲ್ಲಿದ್ದ ಎಲೆ ಬೋಗುಣಿಗೆ ಬಿತ್ತು.

"ನಮ್ಮ ದಡಾನಾ?"

"ಬರೀ ಪಟ್ಟಿಯಲ್ಲಿದೆ ಅತ್ತೆ, ಇನ್ನೂ ಏನೂ ಆಗಿಲ್ಲ. ತಪ್ಪಿಸಬೌದು. ಅದಕ್ಕೇ ಬಂದೆ. ಆ ತಂಡದ ಹಿರೀಕರು ಒಳ್ಳೇ ಮನುಷ್ಯ, ಹಳೇ ಕಾಲದೋರು. ಪದ್ಧತಿ ಅಂದ್ರೆ ಗೌರವ. ನಮ್ಮೋರು ತಪ್ಪು ಒಪ್ಪಿಕೊಂಡು ಎಲೆ ಹಾರ ಹಾಕ್ಕೊಂಡು ಕೂತ್ರೆ ಅವರಿಗೆ ಇಲ್ಲ ಅನ್ನೋಕಾಗಲ್ಲ."

ನಮ್ಮಲ್ಲಿ ಯಾರಿಗಾದರೂ ದೊಡ್ಡ ತಪ್ಪು ಮಾಡಿದವರು, ಕೊಲೆಯಾದರೂ ಸರಿ, ಹರಕು ಚಾಪೆ ಉಟ್ಟು, ಇಫಿ ಮರದ ಎಲೆಯ ಹಾರ ಕೊರಳಿಗೆ ಹಾಕಿಕೊಂಡು, ನೊಂದವರ ಮನೆ ಮುಂದೆ ತಲೆ ತಗ್ಗಿಸಿ ಕೂರುತ್ತಾರೆ. ಮಾತಿಲ್ಲ. ಮನೆಯವರು ಹೊರಗೆ ಬಂದು ಕೊರಳಿನ ಹಾರ ತೆಗೆದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ವಿಷಯ ಎತ್ತುವಂತಿಲ್ಲ. ಹಾರ ತೆಗೆದ ಮೇಲೆ ಸೇಡು ಹಿಡಿದವರನ್ನು ನಮ್ಮ ದ್ವೀಪ ಇದುವರೆಗೆ ಕಂಡಿಲ್ಲ.

"ಮಂತ್ರಿಗಳು ಕೂರಲಿ. ಸಾಲ ತಂದೋರು ಅವರು," ಎಂದಳು.

"ಮಂತ್ರಿ ಕೂತ್ರೆ ದೇಶಾನೇ ಕೂತಂಗೆ. ಪೇಪರಿನೋರು ಬಿಡ್ತಾರಾ? ಊರಿನ ಹಿರಿಯರು ಕೂರಬೇಕು. ದಡಕ್ಕೆ ಸಂಬಂಧ ಪಟ್ಟೋರು. ನೀವು."

"ತಪ್ಪು ಮಾಡಿದೋರು ಎಲೆ ಹಾಕ್ಕೋಬೇಕು ಕಣೋ. ನಾನೇನು ಮಾಡಿದ್ದೀನಿ? ಜೀವಮಾನದಲ್ಲಿ ಅಂಗಡೀಲಿ ಉಪ್ಪು ಸಾಲ ತಂದೋಳಲ್ಲ."

ಕೆಲೆಪಿ ತಲೆ ತಗ್ಗಿಸಿದ. "ಕಂತಿನ ದಿನ ದಾಟಿದ್ದು ನನ್ನ ಕೈಯಿಂದ. ನಾನು ಮುಂಚೇನೇ ಎಚ್ಚರಿಸಬೇಕಿತ್ತು. ನಾನು ಕೂತ್ರೆ ಕೆಲಸ ಹೋಗುತ್ತೆ. ನನಗೋಸ್ಕರ ಕೂತ್ಕೊಳ್ಳಿ ಅತ್ತೆ."

ಅದನ್ನು ಅವನು ಹೇಳಬಾರದಿತ್ತು. ಸೆಲುವಾಯಾ ಬೋಗುಣಿಯ ನೀರು ಚೆಲ್ಲಿ, ಸೆರಗಿಲ್ಲದ ಅಂಗಿಯ ತುದಿಯಲ್ಲೇ ಕೈ ಒರೆಸಿಕೊಂಡಳು.

"ಹಾರ ತೆಗೆದ ಮೇಲೆ ಮಾತು ಮುಗೀತು ಅನ್ನೋದು ಅವರಿಗೆ ಗೊತ್ತಾ?"

"ಗೊತ್ತು. ನಾನೇ ಬಿಡಿಸಿ ಹೇಳಿದ್ದೀನಿ."

"ದಡದ ತಂಟೆಗೆ ಬರಲ್ಲ ತಾನೆ?"

"ಅಪ್ಪನಾಣೆ," ಎಂದ ಕೆಲೆಪಿ.

ಸತ್ತ ಸೆಮಿಸಿಯ ಮೇಲೆ ಆಣೆ ಇಟ್ಟ ಮೇಲೆ ಇನ್ನೇನು ಕೇಳುವುದು? ಅವಳು ಎದ್ದು ಹೋಗಿ ಅಟ್ಟದಿಂದ ಅಜ್ಜಿಯ ಕಾಲದ ಹರಕು ಚಾಪೆ ಇಳಿಸಿದಳು.

ಮಂಗಳವಾರ ಬೆಳಿಗ್ಗೆ ಹನ್ನೊಂದು ಹೆಂಗಸರೂ ಬಾಡಿಗೆ ವ್ಯಾನಿನಲ್ಲಿ ನುಕುಅಲೋಫಾಕ್ಕೆ ಹೋದರು. ದಾರಿಯುದ್ದಕ್ಕೂ ಮೆಲೆನೈಟೆಯ ಬಾಯಿ ಸುಮ್ಮನಿರಲಿಲ್ಲ. "ಸಾಲ ಮಾಡಿ ಕಾರು ಓಡಿಸಿದೋರು ಒಬ್ಬರು, ಹರಕು ಚಾಪೆ ಉಟ್ಟೋರು ಇನ್ನೊಬ್ಬರು. ಚೆನ್ನಾಗಿದೆ ಕಣೇ ನಿನ್ನ ಅಳಿಯನ ಲೆಕ್ಕ," ಎಂದಳು. ಸೆಲುವಾಯಾ ಕಣ್ಣಲ್ಲೇ ಗದರಿಸಿದಳು. ಹೊರದೇಶದವರು ಇಳಿದಿದ್ದ ಹೋಟೆಲಿನ ಮುಂದಿನ ಹುಲ್ಲಿನ ಮೇಲೆ ಸಾಲಾಗಿ ಕೂತರು. ಸೆಲುವಾಯಾ ಮುಂದೆ, ಉಳಿದವರು ಹಿಂದೆ. ಹಸಿ ಇಫಿ ಎಲೆಯ ಭಾರ ಕೊರಳಿಗೆ. ಮಹಡಿಯ ಮೇಲಿನ ಕೋಣೆಯಲ್ಲಿ ಮಾತುಕತೆ ನಡೆದಿತ್ತು. ಗಾಜಿನ ಹಿಂದೆ ಕಪ್ಪು ಕೋಟುಗಳು ಓಡಾಡುವುದು ಕಾಣುತ್ತಿತ್ತು.

ಬಿಸಿಲು ಏರಿತು. ಹೋಟೆಲಿಗೆ ಬಂದ ನಮ್ಮ ಜನವೇ ಕಂಡು ದಂಗಾಗಿ, ಟೋಪಿ ತೆಗೆದು, ಮಾತಿಲ್ಲದೆ ಬದಿಯಿಂದ ಸರಿದು ಹೋದರು. ಅಂಥ ಹಿರಿಯ ಹೆಂಗಸು ನೆಲದಲ್ಲಿ ಕೂತಿದ್ದನ್ನು ನೋಡುವುದೇ ಪಾಪ ಎನ್ನುವ ಹಾಗೆ. ಸೆಲುವಾಯಾಳಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ಮೂರು ಮಂತ್ರಿಗಳ ಕೈಲಿ ಆಗದ್ದು ತನ್ನ ಮೊಣಕಾಲಿನಿಂದ ಆಗುತ್ತಿದೆಯಲ್ಲ ಎಂದು.

ಎರಡು ಗಂಟೆಯ ಮೇಲೆ ಅವರು ಇಳಿದು ಬಂದರು. ತಂಡದ ಹಿರಿಯ ನರೆತ ಕೂದಲಿನ ತೆಳ್ಳನೆಯ ಮನುಷ್ಯ. ಹೆಂಗಸರನ್ನು ನೋಡಿ ಅವನ ಮುಖ ಕಿವುಚಿತು. ಕೆಲೆಪಿ ಅವನ ಕಿವಿಯಲ್ಲಿ ಏನೋ ಹೇಳಿದ. ಹಿರಿಯ ಹುಲ್ಲಿನ ಮೇಲೆ ಮೊಣಕಾಲೂರಿ, ಎರಡೂ ಕೈಯಿಂದ ಸೆಲುವಾಯಾಳ ಕೊರಳಿನ ಹಾರವನ್ನು ಮೆಲ್ಲಗೆ ಎತ್ತಿ, ತನ್ನ ಎದೆಗೆ ಒತ್ತಿಕೊಂಡ. ಅವನ ಕಣ್ಣು ತುಂಬಿತ್ತು. ಕ್ಯಾಮೆರಾಗಳು ಟಕಟಕ ಎಂದವು.

"ಏನಂದ್ರು?" ಎಂದು ಸೆಲುವಾಯಾ ತಲೆಯೆತ್ತದೆ ಕೇಳಿದಳು.

"ಒಪ್ಪಿದ್ದೀನಿ ಅಂದ್ರು ಅತ್ತೆ. ಇದನ್ನ ಸಾಯೋವರೆಗೂ ಮರೆಯಲ್ಲ ಅಂದ್ರು."

ಸೆಲುವಾಯಾ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಹಿಂದೆ ಕೂತ ಹತ್ತು ಹೆಂಗಸರೂ ಅತ್ತರು. ಮೆಲೆನೈಟೆಯೂ ಮೂಗು ಒರೆಸಿಕೊಂಡಳು, ಆಮೇಲೆ ಅದನ್ನು ಒಪ್ಪಿಕೊಳ್ಳಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಸೆಲುವಾಯಾಳ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಮಣ್ಣಿನ ಒಲೆಯಲ್ಲಿ ನಾಲ್ಕು ಹಂದಿಮರಿ ಬೆಂದವು. ಗಂಡಸರು ಕಾವಾ ಬೇರಿನ ಪಾನಕ ಕುಡಿಯುತ್ತಾ ಐದು ವರ್ಷದ ಗಡುವು ಸಿಕ್ಕಿದ್ದನ್ನು ರೇಡಿಯೋದಲ್ಲಿ ಕೇಳಿ, ಅದು ತಮ್ಮ ಊರಿನ ಹೆಂಗಸರಿಂದಲೇ ಎಂದು ಪಕ್ಕದೂರಿನವರ ಮುಂದೆ ಮೀಸೆ ತಿರುವಿದರು. ಸೆಲುವಾಯಾ ಆ ವಾರ ಮೂವತ್ತು ಕಂತೆ ಗರಿ ನೆನೆಹಾಕಿದಳು. ಕೆಲೆಪಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವನ ಮದುವೆಗೆ ಉಡುವ ಚಾಪೆ ಈ ಗರಿಯಿಂದಲೇ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಳು. "ಹೆಣ್ಣು ಯಾರು?" ಎಂದು ಮೆಲೆನೈಟೆ ಕೇಳಿದರೆ "ಚಾಪೆ ಆಗಲಿ, ಹೆಣ್ಣು ತಾನಾಗೇ ಬರ್ತಾಳೆ" ಎಂದಳು.

ಗರಿ ನೆನೆದು ಒಂಬತ್ತನೆಯ ದಿನ, ನೀರು ಇಳಿದಿದ್ದಾಗ, ಹೆಂಗಸರು ಕಂತೆ ಮಗುಚಿ ಹಾಕಲು ನೀರಿಗಿಳಿದಿದ್ದರು. ದಡದಲ್ಲಿ ಒಂದು ಲಾರಿ ನಿಂತಿತು. ನಾಲ್ಕು ಜನ ಇಳಿದು, ಕೆಂಪು ಬಿಳಿ ಪಟ್ಟೆಯ ಕೋಲುಗಳನ್ನು ಮರಳಿನಲ್ಲಿ ನೆಡತೊಡಗಿದರು. ಇಬ್ಬರು ಹೊರದೇಶದವರು, ಇಬ್ಬರು ನಮ್ಮವರು. ನಮ್ಮವರಲ್ಲಿ ಹಿರಿಯನಾದ ಒಬ್ಬ, ವವಾವು ದ್ವೀಪದ ಕಡೆಯ ಬೊಕ್ಕ ತಲೆಯವನು, ನೀರಿನ ಅಂಚಿಗೆ ಬಂದು ಸೆಲುವಾಯಾಳನ್ನು ಕಂಡು ಟೋಪಿ ತೆಗೆದ.

"ಅಮ್ಮಾ, ನೀವೇ ಅಲ್ವಾ ದಡ ಕೊಟ್ಟೋರು? ಫೋಟೋದಲ್ಲಿ ನೋಡಿದ್ದೆ. ದೊಡ್ಡ ಮನಸು ನಿಮ್ದು."

"ಯಾರು ಕೊಟ್ಟೋರು?"

ಅವನು ಚೀಲದಿಂದ ದಪ್ಪ ಪುಸ್ತಕದಂಥ ವರದಿ ತೆಗೆದು ಪುಟ ತಿರುವಿ ತೋರಿಸಿದ. ಬಣ್ಣದ ಚಿತ್ರ. ಸೆಲುವಾಯಾ ತಲೆ ತಗ್ಗಿಸಿ ಕೂತಿದ್ದಾಳೆ, ಹಿರಿಯ ಅವಳ ಹಾರ ಎತ್ತುತ್ತಿದ್ದಾನೆ. ಕೆಳಗೆ ಎರಡು ಭಾಷೆಯಲ್ಲಿ ಬರೆದಿತ್ತು, ಒಂದು ಅವರದು, ಒಂದು ನಮ್ಮದು. ಸೆಲುವಾಯಾ ಒದ್ದೆ ಕೈಯಲ್ಲಿ ಪುಸ್ತಕ ಹಿಡಿದು, ಪ್ರತಿ ಅಕ್ಷರವನ್ನೂ ಎರಡೆರಡು ಸಲ ಓದಿದಳು. 'ಫಂಗಮೋನು ಊರಿನ ಹಿರಿಯ ಮಹಿಳೆಯರು ತಮ್ಮ ಸಂಪ್ರದಾಯದಂತೆ ನೆಲದ ಮೇಲೆ ಕುಳಿತು, ಎಲೆಯ ಹಾರದ ಮೂಲಕ ದಡವನ್ನು ಮನಸಾರೆ ಒಪ್ಪಿಸುತ್ತಿರುವುದು.'

"ಊರಿನೋರು ಒಪ್ಪಿದ್ದಾರೆ ಅಂತ ತೋರಿಸದೆ ಅವರು ಗಡುವು ಕೊಡ್ತಿರಲಿಲ್ಲ ಅಮ್ಮ," ಎಂದ ಆ ಮನುಷ್ಯ, ಇನ್ನೂ ಮೆಚ್ಚುಗೆಯಿಂದಲೇ. "ಬೇರೆ ಎಲ್ಲೋ ಹಿಂಗೇ ಕಟ್ಟೆ ಕಟ್ಟೋಕೆ ಹೋಗಿ ಗಲಾಟೆ ಆಗಿತ್ತಂತೆ. ನಿಮ್ಮಿಂದ ದೇಶ ಉಳೀತು. ನಾಳೆ ದೊಡ್ಡ ಸಹಿ ಇದೆಯಲ್ಲ, ಅವರೆಲ್ಲ ಮತ್ತೆ ಬಂದಿದ್ದಾರೆ."

ಸೆಲುವಾಯಾಳಿಗೆ ಕಣ್ಣೀರು ತುಂಬಿಕೊಂಡು ಹಾರವನ್ನು ಎದೆಗೊತ್ತಿಕೊಂಡ ಆ ಮುದುಕನ ಮುಖ ನೆನಪಾಯಿತು. ಅವನು ಕ್ಷಮಿಸಿರಲಿಲ್ಲ, ದಾನ ತೆಗೆದುಕೊಂಡಿದ್ದ. ಯಾರಾದರೂ ಅವನಿಗೆ ಹಾಗೆಂದು ಹೇಳಿಕೊಟ್ಟಿರಬೇಕು. ಹೇಳಿಕೊಡಬಲ್ಲವನು ಒಬ್ಬನೇ ಇದ್ದ.

"ಬರೆದೋರು ತಪ್ಪು ಬರೆದಿದ್ದಾರೆ," ಎಂದಳು ಗೆಳತಿಗೆ. "ಕೆಲೆಪಿಗೆ ಇದು ಗೊತ್ತಿರಲ್ಲ. ಗೊತ್ತಿದ್ರೆ ಬಿಡ್ತಿದ್ನಾ?"

ಮೆಲೆನೈಟೆ ಬಾಯಿ ತೆರೆದವಳು ಗೆಳತಿಯ ಮುಖ ನೋಡಿ ಮುಚ್ಚಿಕೊಂಡಳು. ನಲವತ್ತು ವರ್ಷದಲ್ಲಿ ಅವಳು ಮಾತು ನುಂಗಿದ್ದು ಅದೇ ಮೊದಲು.

ಮರುದಿನ ಸೆಲುವಾಯಾ ಒಳ್ಳೆಯ ಕಪ್ಪು ಉಡುಪು ತೊಟ್ಟು, ತನ್ನ ಕೈಯ ಅತ್ಯುತ್ತಮ ಚಾಪೆ ಸೊಂಟಕ್ಕೆ ಬಿಗಿದು, ಬಸ್ಸು ಹತ್ತಿ ಅದೇ ಹೋಟೆಲಿಗೆ ಹೋದಳು. ಕಾವಲಿನವನು ಅವಳನ್ನು ಕಂಡು ಬಾಗಿಲು ತೆರೆದ. ದಡ ಕೊಟ್ಟ ತಾಯಿಯನ್ನು ಯಾರು ತಡೆಯುತ್ತಾರೆ? ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಕಡೆ ಅವರು, ಒಂದು ಕಡೆ ನಮ್ಮ ನಾಲ್ವರು ಅಧಿಕಾರಿಗಳು, ತುದಿಯಲ್ಲಿ ಕೆಲೆಪಿ. ಸಹಿಗೆಂದು ಕಾಗದ ಹರಡಿತ್ತು, ಪಕ್ಕದಲ್ಲಿ ಚಹಾ, ಅದೇ ಡಬ್ಬಿಯ ಬಿಸ್ಕತ್ತು.

ಅತ್ತೆ ನಿಂತಿದ್ದನ್ನು ಕಂಡದ್ದೇ ಕೆಲೆಪಿ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತ. ಕೋಟು, ಟೈ ಸಮೇತ. ಹೊರದೇಶದವರು ಮುಖ ಮುಖ ನೋಡಿಕೊಂಡರು. ಆ ಒಂದು ಕ್ಷಣ ಸೆಲುವಾಯಾಳಿಗೆ ಜೀವ ಬಂದ ಹಾಗಾಯಿತು. ತನ್ನ ಮುಂದೆ ಕುರ್ಚಿಯಲ್ಲಿ ಕೂರಲಾರದವನು ತನ್ನ ಬೆನ್ನಿಗೆ ಚೂರಿ ಹಾಕಿಯಾನೇ?

"ಇವರಿಗೆ ಹೇಳು," ಎಂದಳು. "ನಾನು ಅವತ್ತು ಕೂತಿದ್ದು ಕೊಡೋಕಲ್ಲ. ತಪ್ಪಾಯ್ತು ಅಂತ ಕೇಳೋಕೆ. ಆ ಪುಸ್ತಕದಲ್ಲಿ ಬರೆದಿರೋದು ಸುಳ್ಳು. ದಡದಲ್ಲಿ ನಮ್ಮ ಹೊಟ್ಟೆ ಇದೆ. ಸಹಿ ಹಾಕೋಕೆ ಮುಂಚೆ ಅದನ್ನ ತೆಗೀಬೇಕು. ಹಿಂಗೇ ಹೇಳು, ಒಂದು ಮಾತೂ ಬಿಡಬೇಡ."

ನಮ್ಮ ನಾಲ್ವರೂ ಅವಳ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದರು. ಕೆಲೆಪಿ ನೆಲದಲ್ಲಿ ಕೂತಲ್ಲೇ ಕಣ್ಣು ಮುಚ್ಚಿ ತೆರೆದು, ಆ ಭಾಷೆಯಲ್ಲಿ ನಾಲ್ಕು ಮಾತು ಹೇಳಿದ.

ಹಿರಿಯನ ಮುಖ ಅರಳಿತು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ನಡು ಬಾಗಿ ವಂದಿಸಿದ. ಪಕ್ಕದವನಿಗೆ ಏನೋ ಹೇಳಿ ರೇಷ್ಮೆ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ ತರಿಸಿ, ಎರಡೂ ಕೈಯಿಂದ ಅವಳ ಕಡೆ ಚಾಚಿದ.

ನಿನ್ನ ಕಾಗದ ಸುಳ್ಳು ಎಂದು ಹೇಳಿಸಿಕೊಂಡವನು ಹೀಗೆ ನಗುವುದಿಲ್ಲ. ಅದನ್ನು ತಿಳಿಯಲು ಅವರ ಭಾಷೆ ಬರಬೇಕಾಗಿರಲಿಲ್ಲ. ಸೆಲುವಾಯಾ ತಲೆ ಅಲ್ಲಾಡಿಸಿದಳು. "ನೋ" ಎಂದಳು, ತನಗೆ ಬರುವ ಇಂಗ್ಲಿಷಿನಲ್ಲಿ. "ನೋ, ನೋ." ಹಿರಿಯ ಕೆಲೆಪಿಯ ಕಡೆ ನೋಡಿದ. ಕೆಲೆಪಿ ಮೆಲ್ಲಗೆ ಇನ್ನೇನೋ ಹೇಳಿದ. ಆ ಕಡೆಯವರೆಲ್ಲ ಮರುಕದಿಂದ ನಕ್ಕರು. ಸಂಕೋಚದಿಂದ ಉಡುಗೊರೆ ಬೇಡವೆನ್ನುತ್ತಿದ್ದಾಳೆ ಎಂದುಕೊಂಡಿರಬೇಕು. ಹಿರಿಯ ಇನ್ನೂ ಒಂದು ಹೆಜ್ಜೆ ಮುಂದೆ ಬಂದು ಪೆಟ್ಟಿಗೆಯನ್ನು ಅವಳ ಕೈಗೆ ಒತ್ತಿದ.

ಅವಳು ನಮ್ಮ ನಾಲ್ವರ ಕಡೆ ತಿರುಗಿದಳು. ಎಲ್ಲ ಓದಿದವರು, ಎಲ್ಲರ ಮನೆಯಲ್ಲೂ ಸೋದರತ್ತೆ ಇದ್ದವರು. ಒಬ್ಬ ಚಹಾದ ಬಟ್ಟಲು ತಿರುಗಿಸುತ್ತಿದ್ದ. ಒಬ್ಬ ಕಡತದ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅವಳು ಹೊರಗೆ ಬಂದಳು.

ಕೆಲೆಪಿ ಹಿಂದೆಯೇ ಓಡಿ ಬಂದ. ಮೆಟ್ಟಿಲ ಬಳಿ ಮತ್ತೆ ನೆಲಕ್ಕೆ ಕೂರಲು ಹೋದವನನ್ನು ಅವಳು ತಡೆದಳು. "ಕೂರಬೇಡ. ನಿಂತೇ ಮಾತಾಡು."

"ಐದು ವರ್ಷ ಗಡುವು ಅತ್ತೆ," ಎಂದ. "ಇಲ್ಲದಿದ್ರೆ ಆಸ್ಪತ್ರೆಗೆ ಔಷಧಿ ಇಲ್ಲ, ಮೇಷ್ಟ್ರುಗಳಿಗೆ ಸಂಬಳ ಇಲ್ಲ. ಲೆಕ್ಕ ಹಾಕಿ ನೋಡಿ. ಇಡೀ ದೇಶ ಒಂದು ಕಡೆ, ಒಂದು ಊರಿನ ದಡ ಒಂದು ಕಡೆ. ನೀವು ಎಲ್ಲಿ ಬೇಕಾದ್ರೂ ಗರಿ ನೆನೆಹಾಕಬೌದು. ನಿಮಗೆ ನಾನು ಏನು ಬೇಕಾದ್ರೂ ಕೊಡಿಸ್ತೀನಿ."

"ಯಾವತ್ತು ನಿಶ್ಚಯ ಆಯ್ತು ಇದು?"

ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ನೀನು ಮನೆಗೆ ಬಂದು ಮಣ್ಣಲ್ಲಿ ಕೂತೆಯಲ್ಲ, ಅವತ್ತಿಗೆ ಮುಂಚೇನಾ?"

"ಹಿಂದಿನ ತಿಂಗಳು. ಅಲ್ಲಿ. ಅವರ ಊರಲ್ಲೇ."

ಆಣೆ ಇಟ್ಟಾಗಲೇ ದಡ ಹೋಗಿತ್ತು. ಆ ಹರಕು ಚಾಪೆ, ಆ ಬಿಸಿಲು, ಆ ಅಳು, ಚರ್ಚಿನ ಪ್ರಾರ್ಥನೆ, ಎಲ್ಲ ಮುಗಿದುಹೋದ ವ್ಯವಹಾರಕ್ಕೆ ಅಂಟಿಸಿದ ಚಿತ್ರ. ಸೆಲುವಾಯಾಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಕೈ ಏಳಲಿಲ್ಲ. ಅಷ್ಟು ಸುಸ್ತಾಗಿತ್ತು.

"ದೇಶಕ್ಕೆ ಅಡ್ಡ ನಿಂತಿದ್ದು ನಾನಲ್ಲ ಕೆಲೆಪಿ," ಎಂದಳು. "ಬಂದು ಕೇಳಬೌದಿತ್ತು. 'ಅತ್ತೆ, ದೇಶ ಮುಳುಗ್ತಾ ಇದೆ, ದಡ ಬೇಕು' ಅಂತ ಕೇಳಿದ್ರೆ ಬೈತಿದ್ದೆ, ಅಳ್ತಿದ್ದೆ. ಆಮೇಲೆ ಕೊಡ್ತಿದ್ದೆ. ಯಾವತ್ತು ಇಲ್ಲ ಅಂದಿದ್ದೆ ನಿನಗೆ? ನೀನು ಕೇಳಲೇ ಇಲ್ಲ. ನನ್ನ ಕೈಲಿ ಕೊಡಿಸಲಿಲ್ಲ, ನನ್ನಿಂದ ಕದ್ದೆ. ಕದ್ದು, ನಾನೇ ಕೊಟ್ಟೆ ಅಂತ ಬರೆಸಿದೆ."

ಕೆಲೆಪಿ ಅತ್ತ. ಅವಳು ಅವನ ಕಣ್ಣೊರೆಸಲಿಲ್ಲ. ಒಳಗಿನಿಂದ ಯಾರೋ ಅವನನ್ನು ಕರೆದರು, ಸಹಿಗೆ ಹೊತ್ತಾಗಿತ್ತು. ಅವನು ಮುಖ ಒರೆಸಿಕೊಂಡು ಒಳಗೆ ಹೋದ.

ದಡಕ್ಕೆ ಯಂತ್ರಗಳು ಬಂದವು. ಹವಳದ ದಿಬ್ಬ ಒಡೆದ ಮೇಲೆ ನೀರು ಸುಣ್ಣ ಕಲಸಿದ ಹಾಗಾಯಿತು. ಹೆಂಗಸರು ಬಸ್ಸಿನಲ್ಲಿ ಪೂರ್ವದ ಊರೊಂದಕ್ಕೆ ಹೋಗಿ, ಅಲ್ಲಿಯವರ ಅಪ್ಪಣೆ ಕೇಳಿ ಗರಿ ನೆನೆಹಾಕುತ್ತಿದ್ದಾರೆ. ಅಲ್ಲಿ ತಳದಲ್ಲಿ ಕೆಸರು, ಗರಿಗೆ ಹಳದಿ ಚುಕ್ಕೆ ಬೀಳುತ್ತದೆ. ಆಕ್ಲೆಂಡಿನವರು ಈಗ ಬೇರೆ ದ್ವೀಪದಿಂದ ತರಿಸಿಕೊಳ್ಳುತ್ತಾರಂತೆ. ಆದರೆ ಸೆಲುವಾಯಾಳನ್ನು ಹೆಚ್ಚು ಸುಟ್ಟದ್ದು ಅದಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಗುರುತಿಲ್ಲದವರು ಬಂದು ಕೈಮುಟ್ಟಿ "ದಡ ಕೊಟ್ಟೋರಲ್ವಾ ನೀವು" ಎಂದು ಹೊಗಳುತ್ತಿದ್ದರು. ಮೊದಮೊದಲು ಅಲ್ಲ ಎಂದು ವಿವರಿಸಿದಳು. ಜನ ಅದನ್ನೂ ದೊಡ್ಡತನ ಎಂದುಕೊಂಡರು. ಆಮೇಲೆ ಸುಮ್ಮನಾದಳು.

ವರ್ಷದ ಕೊನೆಗೆ ಚರ್ಚಿನ ಕಾಣಿಕೆಯ ದಿನ ಬಂತು. ಅಂದು ಒಂದೊಂದೇ ಮನೆತನದ ಹೆಸರು ಕೂಗುತ್ತಾರೆ, ಆ ಮನೆಯ ಮಕ್ಕಳೆಲ್ಲ ಎಲ್ಲಿದ್ದರೂ ಬಂದು ಎದ್ದು ನಿಲ್ಲುತ್ತಾರೆ. ಕೆಲೆಪಿಯೂ ಬಂದಿದ್ದ. ಬಡ್ತಿಯಾಗಿತ್ತು, ಮೈ ತುಂಬಿಕೊಂಡಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ. ಆರು ತಿಂಗಳಿಂದ ಅವನು ಕಳಿಸಿದ ಯಾವುದನ್ನೂ ಅತ್ತೆ ಬಾಗಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಆದರೆ ಚರ್ಚಿನಲ್ಲಿ, ದೇವರ ಮುಂದೆ, ಊರೆಲ್ಲ ನೋಡುತ್ತಿರುವಾಗ ಅತ್ತೆ ತನ್ನ ಪಕ್ಕದಲ್ಲಿ ನಿಲ್ಲಲೇಬೇಕು ಎಂದು ಅವನು ನಂಬಿದ್ದ.

"ಸತ್ತ ಸೆಮಿಸಿಯ ಮನೆ," ಎಂದು ಮೇಲ್ವಿಚಾರಕ ಕೂಗಿದ.

ಸೆಲುವಾಯಾ ಎದ್ದಳು. ಕೆಲೆಪಿಯೂ ಎದ್ದು, ನಡುವಿನ ದಾರಿಯಲ್ಲಿ ಬಂದು, ಅವಳಿಗಿಂತ ಎರಡು ಹೆಜ್ಜೆ ಹಿಂದೆ ತಲೆ ಬಾಗಿ ನಿಂತ. ಮೇಲ್ವಿಚಾರಕ ಪುಸ್ತಕದಲ್ಲಿ ಎರಡು ಹೆಸರು ಬರೆಯಲು ಪೆನ್ನು ಎತ್ತಿದ.

"ಒಂದೇ ಹೆಸರು ಬರಕೊಳ್ಳಿ," ಎಂದಳು ಸೆಲುವಾಯಾ. ಸ್ವರ ಏರಿರಲಿಲ್ಲ, ಇಳಿದಿರಲಿಲ್ಲ. "ನನ್ನ ತಮ್ಮ ಸೆಮಿಸಿಗೆ ಮಕ್ಕಳಿರಲಿಲ್ಲ."